ತೈವಾನಿನಲ್ಲಿ ನನಗಿಟ್ಟ ಹೆಸರು

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗ ಖಾಲಿಯಿದೆ. ಊರು ಹೊಸದುರ್ಗ, ತಂದೆಯ ಹೆಸರು ರಂಗಪ್ಪ, ನನಗಿಟ್ಟ ಹೆಸರು ಮಂಜುನಾಥ. ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಪಿಎಚ್‌.ಡಿ. ಪ್ರಮಾಣಪತ್ರದವರೆಗೆ ಎಚ್. ಆರ್. ಮಂಜುನಾಥ ಎಂದೇ ನಡೆದುಕೊಂಡು ಬಂದಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್‌ಗಳನ್ನು ಬಿಡಿಸಿ ಬರೆಯಬೇಕೆಂದರು. ನಾನು, ಊರು, ಅಪ್ಪ ಮೂವರೂ ಇದೇ ಕ್ರಮದಲ್ಲಿ ಒಂದೇ ಸಾಲಿನಲ್ಲಿ ‘ಗಿವನ್ ನೇಮ್’ ಎಂಬಲ್ಲಿ ಹೋಗಿ ಕುಳಿತೆವು. ನಮ್ಮ ಕಡೆ ಅರ್ಧಕ್ಕರ್ಧ ಜನರ ಪಾಸ್‌ಪೋರ್ಟ್ ಹೀಗೆಯೇ ಇರುವುದರಿಂದ ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ.

ತೈವಾನಿನ ಶಿನ್‌ಚು ನಗರದ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯಕ್ಕೆ ಸಂಶೋಧಕನಾಗಿ ಬಂದು ಸೇರಿದ ಮೇಲೆ ಈ ಉದ್ದನೆಯ ಸಾಲು ಒಂದೊಂದು ಕಚೇರಿಯ ಗಣಕಯಂತ್ರದಲ್ಲಿ ಒಂದೊಂದು ಬಗೆಯಲ್ಲಿ ತುಂಡಾಗತೊಡಗಿತು. ಒಂದು ಕಡೆ ಮಂಜುನಾಥ ಹೊಸದು ಎಂಬಲ್ಲಿಗೆ ಜಾಗ ಮುಗಿದಿತ್ತು. ಇನ್ನೊಂದು ಕಡೆ ಕೊನೆಯ ಪದವೇ ಸರ್‌ನೇಮ್ ಇರಬೇಕೆಂದು ಊಹಿಸಿ ನನ್ನನ್ನು ‘ಮಿಸ್ಟರ್ ರಂಗಪ್ಪ’ ಎಂದು ಕರೆಯಲಾರಂಭಿಸಿದರು. ಅಪ್ಪನ ಎದುರು ನಿಂತು ಅವರ ಹೆಸರನ್ನು ಬಾಯಿಬಿಟ್ಟು ಹೇಳದೆ ಬೆಳೆದವನಿಗೆ, ಆ ಹೆಸರಿಗೆ ತಾನು ‘ಹೂಂ’ಗುಟ್ಟುವುದು ಎಷ್ಟು ಮುಜುಗರವೆಂದು ಅವರಿಗೆ ವಿವರಿಸುವುದು ಸಾಧ್ಯವಿರಲಿಲ್ಲ.

ಇಲ್ಲಿನ ಹೆಸರಿನ ರಚನೆ ನಮ್ಮದಕ್ಕೆ ತೀರಾ ತಿರುವುಮುರುವಾದುದು. ಮನೆತನದ ಹೆಸರು ಮೊದಲು, ಅದು ಸಾಮಾನ್ಯವಾಗಿ ಒಂದೇ ಅಕ್ಷರ. ವ್ಯಕ್ತಿಯ ಹೆಸರು ಆಮೇಲೆ, ಅದು ಬಹುಮಟ್ಟಿಗೆ ಎರಡು ಅಕ್ಷರ. ಮನೆತನಗಳಾದರೂ ಬಹಳವಿಲ್ಲ. ಚೆನ್ ಎಂಬ ಹೆಸರಿನವರೇ ಜನಸಂಖ್ಯೆಯಲ್ಲಿ ಶೇಕಡಾ ಹನ್ನೊಂದರಷ್ಟಿದ್ದಾರೆ, ಲಿನ್ ಅವರ ನಂತರ ಬರುತ್ತಾರೆ, ಮೊದಲ ಹತ್ತು ಹೆಸರುಗಳನ್ನು ಕೂಡಿಸಿದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಅದರೊಳಗೇ ಬಂದುಬಿಡುತ್ತಾರೆ. ಹಾಗಾಗಿ ಹೆಸರು ಬರೆಯಲು ಮೂರು ಅಕ್ಷರಕ್ಕೆ ಸಾಕಾಗುವಷ್ಟು ಜಾಗವನ್ನು ಮಾತ್ರ ಬಿಟ್ಟಿರುವ ಅರ್ಜಿಗಳು ಇಲ್ಲಿ ಸಹಜ. ನಮ್ಮಲ್ಲಿ ಮನುಷ್ಯನ ಮುಂದೆ ಊರು ಮತ್ತು ತಂದೆ ಒಂದೊಂದೇ ಅಕ್ಷರವಾಗಿ ಕುಗ್ಗಿ ನಿಲ್ಲುತ್ತಾರೆ. ಇವರಲ್ಲಿ ಮನೆತನ ಒಂದು ಅಕ್ಷರವಾಗಿದ್ದರೂ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಭಾರವಾಗಿ ನಿಲ್ಲುತ್ತದೆ. ‘ನಿನ್ನದು ಯಾವ ಮನೆತನ’ ಎಂದು ಕೇಳುವುದು ಇಲ್ಲಿ ಪರಿಚಯದ ಮೊದಲ ಮಾತು. ‘ನಮಗೆ ಅದು ಇಲ್ಲ’ ಎಂದು ನಾನು ಉತ್ತರಿಸಿದಾಗ, ಕೇಳಿದವರು ನಾನು ಅನಾಥನೋ ಏನೋ ಎಂಬಂತೆ ಮುಖ ಮಾಡಿದ್ದೂ ಉಂಟು.

ಹೆಸರು ಬೇಕೆಂದು ನನಗೆ ಅನಿಸಿದ್ದು ಚಿಕಿತ್ಸಾಲಯಗಳಲ್ಲಿ. ಸರದಿ ಬಂದಾಗ ನರ್ಸ್ ಬಾಗಿಲ ಬಳಿ ಬಂದು ನಿಂತು ಹೆಸರು ಕೂಗುವುದು ಪದ್ಧತಿ. ನನ್ನ ಸರದಿ ಬಂದಾಗ ಆಕೆ ಕೈಯಲ್ಲಿನ ಚೀಟಿಯನ್ನು ನೋಡಿ ಸುಮ್ಮನಾಗುತ್ತಿದ್ದಳು. ಆ ಮೌನವೇ ನನ್ನ ಹೆಸರೆಂದು ಅರಿತು ನಾನು ಎದ್ದು ನಿಲ್ಲುತ್ತಿದ್ದೆ, ಕುಳಿತಿದ್ದ ಮುದುಕಿಯರು ನಕ್ಕು ದಾರಿ ಬಿಡುತ್ತಿದ್ದರು. ಯಾರೂ ಅವಮಾನ ಮಾಡಲಿಲ್ಲ, ನಿಜ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಕರೆಯಲು ಬಾರದವನಾಗಿ ಇರುವುದು ಒಂದು ಬಗೆಯ ಅತಿಥಿತನ, ಅದು ಎಷ್ಟು ಕಾಲವಾದರೂ ಮುಗಿಯುವುದಿಲ್ಲ.

ಪ್ರಯೋಗಾಲಯದ ಸಹೋದ್ಯೋಗಿಗಳು ಇದಕ್ಕೆ ಸೂಚಿಸಿದ ಪರಿಹಾರವೇ ಬೇರೆಯಿತ್ತು. ಅವರೆಲ್ಲ ಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಇಟ್ಟುಕೊಂಡ ಕೆವಿನ್, ಜೇಸನ್, ವಿವಿಯನ್ ಮುಂತಾದ ಹೆಸರುಗಳಲ್ಲೇ ನನಗೆ ಪರಿಚಯವಾಗಿದ್ದವರು, ನನಗೂ ಅಂಥದೊಂದು ಇಟ್ಟುಕೊಳ್ಳಲು ಹೇಳಿದರು. ನನ್ನ ದೊಡ್ಡಪ್ಪನ ಮಗ ಬೆಂಗಳೂರಿನ ಕಾಲ್ ಸೆಂಟರೊಂದರಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದಾಗ ಅಮೆರಿಕದ ಗ್ರಾಹಕರಿಗಾಗಿ ‘ಸ್ಯಾಮ್’ ಆಗಿದ್ದ. ಬೆಳಗ್ಗೆ ಕಂಪನಿಯ ವ್ಯಾನಿನಿಂದ ಇಳಿದ ಕೂಡಲೇ ಆ ಹೆಸರನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಫೋನಿನ ಆಚೆ ಬದಿಯವನು ಎಂದೂ ಎದುರಿಗೆ ಸಿಗುವವನಲ್ಲವಾದ್ದರಿಂದ ಆ ಹೆಸರು ವೇಷವಾಗಿದ್ದರೂ ನಡೆಯುತ್ತಿತ್ತು. ತೈವಾನಿನವನೂ ಕನ್ನಡಿಗನೂ ಎದುರುಬದುರು ಕುಳಿತು ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಇಂಗ್ಲೆಂಡಿನ ಹೆಸರು ಹಿಡಿದು ಕರೆಯುವುದರಲ್ಲಿ ನನಗೆ ಯಾವ ಅರ್ಥವೂ ಕಾಣಲಿಲ್ಲ. ಇಲ್ಲಿಯ ಹೆಸರೇ ಬೇಕು ಎಂದೆ.

ಅಂದಿನಿಂದ ಹುಡುಗರಿಗೆ ಮಧ್ಯಾಹ್ನದ ಊಟದ ಹೊತ್ತಿನ ಆಟ ಸಿಕ್ಕಿತು. ಚೀನೀ ಅಕ್ಷರವೊಂದಕ್ಕೆ ಉಚ್ಚಾರವೂ ಇದೆ, ಅರ್ಥವೂ ಇದೆ, ಜೊತೆಗೆ ಅದೇ ಉಚ್ಚಾರದ ಇನ್ನಷ್ಟು ಅಕ್ಷರಗಳ ನೆರಳೂ ಇದೆ. ಈ ಮೂರನ್ನೂ ತೂಗಿ ನೋಡದೆ ಹೆಸರಿಡಲಾಗದು. ಮಂಜುನಾಥ ಎಂಬುದಕ್ಕೆ ಅವರು ತಂದ ಮೊದಲ ರೂಪ ‘ಮಂಗ್ ಜುನ್‌ನಾನ್’. ಮಂಗ್ ಎಂಬುದು ಕನ್ಫ್ಯೂಷಿಯಸ್ ಪರಂಪರೆಯ ಮಹಾ ತತ್ತ್ವಜ್ಞಾನಿ, ಪಶ್ಚಿಮದವರು ಮೆನ್ಷಿಯಸ್ ಎನ್ನುವ ಮಂಗ್‌ಜಿಯ ಮನೆತನದ ಹೆಸರು. ಜುನ್ ಎಂದರೆ ಪ್ರತಿಭಾವಂತ, ನಾನ್ ಎಂದರೆ ದಕ್ಷಿಣ. ಧ್ವನಿಯೂ ಹೊಂದುತ್ತದೆ, ದಕ್ಷಿಣ ಭಾರತದವನೆಂಬುದೂ ಸೇರುತ್ತದೆ. ನಾನು ಒಪ್ಪುವುದರಲ್ಲಿದ್ದೆ. ವಿಭಾಗದ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿರುವ, ಎಲ್ಲರೂ ‘ಅಕ್ಕ’ ಎಂದೇ ಕರೆಯುವ ಹಿರಿಯ ಮಹಿಳೆಯೊಬ್ಬರು ಕಾಗದ ನೋಡದೆ ಹೆಸರನ್ನು ಬಾಯಲ್ಲಿ ಮಾತ್ರ ಹೇಳಿಸಿ, ಒಂದು ಕ್ಷಣ ತಡೆದು, ಹುಡುಗರ ಕಡೆ ತಿರುಗಿ ಗದರಿಸಿದರು. ಅದೇ ಉಚ್ಚಾರದಲ್ಲಿ ‘ಮಂಗ್’ ಎಂದರೆ ಕನಸು, ‘ಜುನ್‌ನಾನ್’ ಎಂದರೆ ಸುಂದರ ಯುವಕ. ಫೋನಿನಲ್ಲಿ ನನ್ನ ಪರಿಚಯ ಹೇಳಿಕೊಂಡರೆ ‘ನಾನು ಕನಸಿನ ಸುಂದರಾಂಗ ಮಾತಾಡುತ್ತಿದ್ದೇನೆ’ ಎಂದಂತಾಗುತ್ತಿತ್ತು. ಹುಡುಗರಿಗೆ ಇದು ಮೊದಲೇ ಗೊತ್ತಿತ್ತು ಎಂಬುದು ಅವರ ಮುಖದಲ್ಲೇ ಇತ್ತು.

ಅಕ್ಕ ಆಮೇಲೆ ಈ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರು ಹಾಕಿದ ಮೊದಲ ಷರತ್ತು ಎಂದರೆ ಹೆಸರನ್ನು ನಾನು ಆರಿಸಬಾರದು ಎಂಬುದು. ಕರೆಯುವವರು ನಾವು, ಆದ್ದರಿಂದ ಇಡುವವರೂ ನಾವೇ ಎಂದರು. ಅದರಲ್ಲಿ ತಕರಾರು ಮಾಡಲು ನನಗೇನೂ ಸಿಗಲಿಲ್ಲ, ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಹೆಸರು ಹೇಳಿದಾಗ ನನ್ನನ್ನು ಯಾರು ಕೇಳಿದ್ದರು? ಆದರೆ ಮನೆತನದ ಹೆಸರಿನ ವಿಷಯದಲ್ಲಿ ನನ್ನದೊಂದು ಆಸೆಯನ್ನು ಮುಂದಿಟ್ಟೆ.

ಭಾರತದಿಂದ ಚೀನಾಕ್ಕೆ ಹೋದವರು ಹೆಸರು ಬದಲಿಸಿಕೊಂಡ ಚರಿತ್ರೆ ಹಳೆಯದು. ಬೌದ್ಧ ಧರ್ಮ ಅಲ್ಲಿಗೆ ಕಾಲಿಟ್ಟ ಮೊದಲ ಶತಮಾನಗಳಲ್ಲಿ ಹೊರಗಿನಿಂದ ಬಂದ ಭಿಕ್ಷುಗಳಿಗೆ ಅವರು ಬಂದ ದೇಶವೇ ಮನೆತನವಾಗುತ್ತಿತ್ತು: ಇರಾನ್ ಕಡೆಯ ಪಾರ್ಥಿಯಾದವರಿಗೆ ‘ಆನ್’, ಮಧ್ಯ ಏಷ್ಯಾದ ಸೊಗ್ಡಿಯಾನಾದವರಿಗೆ ‘ಕಾಂಗ್’, ಭಾರತದವರಿಗೆ ‘ಜೂ’. ಈ ಕೊನೆಯದು ಭಾರತಕ್ಕಿದ್ದ ‘ತಿಯನ್‌ಜೂ’ ಎಂಬ ಹಳೆಯ ಹೆಸರಿನ ಬಾಲ. ಗುರುವಿನ ಈ ಹೆಸರನ್ನು ಚೀನೀ ಶಿಷ್ಯರೂ ಹಾಕಿಕೊಳ್ಳುತ್ತಿದ್ದುದರಿಂದ ಯಾರು ಎಲ್ಲಿಯವರೆಂಬುದೇ ಕಲಸಿಹೋಗಿ, ನಾಲ್ಕನೆಯ ಶತಮಾನದಲ್ಲಿ ದಾವ್‌ಆನ್ ಎಂಬ ಆಚಾರ್ಯರು ಎಲ್ಲ ಭಿಕ್ಷುಗಳೂ ಶಾಕ್ಯಮುನಿಯ ಮಕ್ಕಳಾದ್ದರಿಂದ ಶಾಕ್ಯ ಎಂಬುದರ ಮೊದಲ ಅಕ್ಷರವಾದ ‘ಶಿ’ಯನ್ನೇ ಧರಿಸಲಿ ಎಂದು ಗೊತ್ತುಮಾಡಿದರು. ತೈವಾನಿನ ಭಿಕ್ಷು, ಭಿಕ್ಷುಣಿಯರು ಇಂದಿಗೂ ಅದೇ ಹೆಸರಿನವರು. ಬಹುಕಾಲದ ನಂತರ, 1924ರಲ್ಲಿ ರವೀಂದ್ರನಾಥ ಟ್ಯಾಗೋರರು ಚೀನಾಕ್ಕೆ ಹೋಗಿದ್ದಾಗ, ಬೀಜಿಂಗ್‌ನಲ್ಲಿ ಅವರ ಹುಟ್ಟುಹಬ್ಬ ಆಚರಿಸಿದ ವಿದ್ವಾಂಸ ಲಿಯಾಂಗ್ ಚಿಚಾವ್ ಅವರು ಕವಿಗೆ ‘ಜೂ ಝೆನ್‌ದಾನ್’ ಎಂಬ ಹೆಸರನ್ನು ಕಾಣಿಕೆಯಾಗಿ ಕೊಟ್ಟರು. ಜೂ ಎಂದರೆ ಭಾರತ, ಝೆನ್‌ದಾನ್ ಎಂದರೆ ಹಳೆಯ ಭಾರತೀಯರು ಚೀನಾವನ್ನು ಕರೆಯುತ್ತಿದ್ದ ‘ಚೀನಸ್ಥಾನ’ದ ರೂಪಾಂತರ.

ಇಷ್ಟು ಹಿನ್ನೆಲೆಯಿರುವ ‘ಜೂ’ ನನಗಿರಲಿ ಎಂದು ಕೇಳಿಕೊಂಡೆ. ಅಕ್ಕ ಒಪ್ಪಲಿಲ್ಲ. ಮನೆತನವಾಗಿ ಆ ಅಕ್ಷರ ಈಗ ತೀರಾ ವಿರಳ, ಪ್ರತಿ ಕಚೇರಿಯಲ್ಲೂ ಬಿಡಿಸಿ ಹೇಳಬೇಕಾಗುತ್ತದೆ, ಸ್ವರ, ಅಂದರೆ ದನಿಯ ಏರಿಳಿತ, ತುಸು ಏರುಪೇರಾದರೆ ಹಂದಿ ಎಂಬ ಅರ್ಥ ಬರುತ್ತದೆ, ನಿನ್ನ ಉಚ್ಚಾರದಲ್ಲಿ ಸ್ವರಗಳು ಎಲ್ಲಿ ನೆಟ್ಟಗಿವೆ ಎಂದರು. ಮಂಗ್ ಇರಲಿ, ಎಂದು ಅಲ್ಲಿಗೆ ಆ ಚರ್ಚೆ ಮುಗಿಯಿತು.

ಉಳಿದ ಎರಡು ಅಕ್ಷರಗಳನ್ನು ಕೊಟ್ಟದ್ದು ನನ್ನ ವಾಸಸ್ಥಳ. ಶಿನ್‌ಚುವಿನಲ್ಲಿ ಬಾಡಿಗೆ ಹೆಚ್ಚೆಂದು ನಾನು ದಕ್ಷಿಣಕ್ಕೆ, ಪಕ್ಕದ ಮಿಯಾವ್‌ಲಿ ಜಿಲ್ಲೆಯ ಜೂನಾನ್ ಎಂಬ ಊರಿನಲ್ಲಿ ಮನೆ ಮಾಡಿದ್ದೆ. ಪಶ್ಚಿಮ ಕರಾವಳಿಯ ರೈಲುಮಾರ್ಗ ಗುಡ್ಡದ ಹಾದಿ, ಕಡಲ ಹಾದಿ ಎಂದು ಎರಡಾಗಿ ಕವಲೊಡೆಯುವುದು ಈ ಊರಿನಲ್ಲಿ. ಮುಂದೆ ಚಾಂಗ್‌ಹುವಾದಲ್ಲಿ ಅವೆರಡೂ ಮತ್ತೆ ಕೂಡುತ್ತವೆ. ಸಂಜೆಯ ರೈಲಿನಲ್ಲಿ ತೂಕಡಿಸುತ್ತಿದ್ದರೂ ‘ಜೂನಾನ್, ಜೂನಾನ್’ ಎಂಬ ಧ್ವನಿವರ್ಧಕದ ಕೂಗಿಗೆ ನಾನು ಎಚ್ಚರಾಗುತ್ತಿದ್ದೆ. ಇದನ್ನು ಹರಟೆಯಲ್ಲಿ ಹೇಳಿದಾಗ ಅಕ್ಕ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ‘ಮಂಗ್ ಜೂನಾನ್’ ಎಂದು ಮೆಲ್ಲಗೆ ಹೇಳಿ ನೋಡಿದರು. ಮಂಜುನಾಥನಿಗೆ ಇದಕ್ಕಿಂತ ಹತ್ತಿರದ ಧ್ವನಿ ಸಿಗುವುದಿಲ್ಲ. ಜೂ ಎಂದರೆ ಬಿದಿರು, ನಾನ್ ಎಂದರೆ ದಕ್ಷಿಣ. ನಾನು ಬಯಸಿದ್ದ ಭಾರತದ ‘ಜೂ’ವೂ ಉಚ್ಚಾರದಲ್ಲಿ ಇದೇ, ಬರೆಯುವಾಗ ಅದರ ತಲೆಯ ಮೇಲೂ ಬಿದಿರಿನ ಚಿಹ್ನೆಯೇ ಇರುತ್ತದೆ. ಹುಡುಗರು ರೈಲು ನಿಲ್ದಾಣದ ಹೆಸರಿಟ್ಟುಕೊಂಡವನೆಂದು ನಕ್ಕರು. ಊರ ಹೆಸರು ಹೊತ್ತು ತಿರುಗುವುದು ನನಗೇನು ಹೊಸದೇ? ಇಲ್ಲಿಯೂ ಅದು ಅಪರೂಪವಲ್ಲ, 1949ರ ಸುಮಾರಿಗೆ ಚೀನಾದ ಮುಖ್ಯಭೂಮಿಯಿಂದ ಬಂದವರ ಮಕ್ಕಳಲ್ಲಿ ‘ತೈವಾನಿನಲ್ಲಿ ಹುಟ್ಟಿದವನು’ ಎಂಬರ್ಥದ ತಾಯ್‌ಶಂಗ್ ಎಂಬ ಹೆಸರಿನವರು ಬೇಕಾದಷ್ಟಿದ್ದಾರೆ.

ಅಂತಿಮ ಒಪ್ಪಿಗೆಗೆ ಇನ್ನೆರಡು ಕಡೆ ಹೋಗಬೇಕಿತ್ತು. ಅಕ್ಷರಗಳ ಗೆರೆಗಳನ್ನು ಎಣಿಸಿ ಶುಭಾಶುಭ ನೋಡುವ ವಿದ್ಯೆ ತೈವಾನಿನಲ್ಲಿ ಬಹಳ ಚಾಲ್ತಿಯಲ್ಲಿದೆ. ಮಗುವಿಗೆ ಹೆಸರಿಡುವ ಮುನ್ನ ದುಡ್ಡು ಕೊಟ್ಟು ಕೇಳಿಸುವವರು ಹಲವರು. ಸಹೋದ್ಯೋಗಿಯೊಬ್ಬನ ತಾಯಿ ಈ ಲೆಕ್ಕದಲ್ಲಿ ನುರಿತವರು. ಮಂಗ್ ಎಂಟು ಗೆರೆ, ಜೂ ಆರು, ನಾನ್ ಒಂಬತ್ತು. ಒಟ್ಟು ಇಪ್ಪತ್ಮೂರು, ಅದು ಉದಯಸೂರ್ಯನ ಸಂಖ್ಯೆ, ಉತ್ತಮ. ಆದರೆ ಮೊದಲೆರಡು ಸೇರಿದರೆ ಹದಿನಾಲ್ಕು, ಅದು ಮನೆಯವರಿಂದ ದೂರವಿರುವ ಯೋಗ ಎಂದು ಆಕೆ ಸಂಕೋಚದಿಂದಲೇ ಹೇಳಿ ಕಳಿಸಿದರು. ಹೊಸದುರ್ಗ ಬಿಟ್ಟು ಸಮುದ್ರ ದಾಟಿ ಬಂದವನಿಗೆ ಆ ಭವಿಷ್ಯ ತಡವಾಗಿ ತಲುಪಿತ್ತು.

ಎರಡನೆಯದು ಅಮ್ಮನ ಒಪ್ಪಿಗೆ. ನನ್ನದು ಮಘಾ ನಕ್ಷತ್ರ, ಮೊದಲ ಪಾದಕ್ಕೆ ‘ಮ’ ಬರಬೇಕೆಂದು ಜೋಯಿಸರು ಹೇಳಿದ್ದರಿಂದ ಮಂಜುನಾಥ ಎಂದಿಟ್ಟಿದ್ದರು. ‘ಮ’ ಉಳಿಯಿತಲ್ಲ ಎಂಬುದು ಅಮ್ಮನಿಗೆ ಸಮಾಧಾನ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ ತಂಗಿ ಫೋನ್ ಕಸಿದುಕೊಂಡು, ‘ಏನಂದೆ, ಮಂಗ? ಅಣ್ಣ, ಅಷ್ಟು ದೂರ ಹೋಗಿ ಓದಿ ಕೊನೆಗೆ ಮಂಗ ಆದೆಯಾ? ಚಿಕ್ಕವನಿದ್ದಾಗ ನಾನು ಪುಕ್ಕಟೆ ಕರೀತಿದ್ದೆನಲ್ಲೋ!’ ಎಂದಳು. ಅದು ಮಂಗ ಅಲ್ಲ, ಕೊನೆಯಲ್ಲಿ ಸ್ವರವಿಲ್ಲದ ಮಂಗ್, ಋಷಿಗೆ ಸಮಾನನಾದ ತತ್ತ್ವಜ್ಞಾನಿಯ ಮನೆತನ ಎಂದು ನಾನು ಹೇಳಿದ ಯಾವ ಮಾತೂ ಆ ನಗುವಿನ ನಡುವೆ ಆಚೆ ಕಡೆ ತಲುಪಲಿಲ್ಲ.

ಹೆಸರು ನಿಶ್ಚಯವಾದ ಮೇಲೆ ಮೊಹರು ಮಾಡಿಸಬೇಕು. ಬ್ಯಾಂಕು, ಅಂಚೆ ಕಚೇರಿ, ಬಾಡಿಗೆ ಕರಾರು ಎಲ್ಲೆಡೆ ಸಹಿಗಿಂತ ಮೊಹರಿಗೆ ಬೆಲೆ ಕೊಡುವ ದೇಶವಿದು. ಜೂನಾನ್ ಪೇಟೆಯಲ್ಲಿ ಬೀಗದಕೈ ಮಾಡುವ ಮುದುಕನೇ ಮೊಹರನ್ನೂ ಕೆತ್ತುತ್ತಾನೆ. ಕೋಣದ ಕೊಂಬು ಬೇಕೋ, ಮರ ಬೇಕೋ ಎಂದು ಕೇಳಿದ, ಮರ ಎಂದೆ. ಬೆರಳುದ್ದದ ಚೌಕ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿದ. ಸೂಜಿ ಓಡಾಡಿ ಕೆಲವೇ ನಿಮಿಷಗಳಲ್ಲಿ ಅಕ್ಷರಗಳು ಎದ್ದವು, ಕನ್ನಡಿಯಲ್ಲಿ ಕಾಣುವಂತೆ ತಿರುಗಿಕೊಂಡು. ಆತ ಕನ್ನಡಕ ಹಣೆಗೇರಿಸಿ, ಸಣ್ಣ ಚಾಕುವಿನಿಂದ ಬಿದಿರಿನ ಅಕ್ಷರದ ಒಂದು ಮೂಲೆಯನ್ನು ಹೆರೆದು, ಪುಡಿಯನ್ನು ಊದಿ, ಕೆಂಪು ಮಸಿಗೆ ಒತ್ತಿ, ಹಳೆಯ ಪತ್ರಿಕೆಯ ಅಂಚಿನಲ್ಲಿ ಅಚ್ಚೊತ್ತಿ ತೋರಿಸಿದ. ಬಲಗಡೆ ಮಂಗ್ ಒಂದೇ ನಿಡಿದಾಗಿ ನಿಂತಿತ್ತು, ಎಡಗಡೆ ಬಿದಿರಿನ ಕೆಳಗೆ ದಕ್ಷಿಣ. ಬದುಕಿರುವವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬಾರದೆಂದು ಇಲ್ಲಿ ಕಟ್ಟುನಿಟ್ಟಾದ ನಂಬಿಕೆಯಿದೆ, ಮೊಹರಿಗೆ ಮಾತ್ರ ಕೆಂಪೇ ಆಗಬೇಕು. ಏಕೆಂದು ಮುದುಕನನ್ನು ಕೇಳಿದೆ. ಬರೆಯುವುದು ಬೇರೆ, ಒತ್ತುವುದು ಬೇರೆ ಎಂದ. ಇದಕ್ಕಿಂತ ಹೆಚ್ಚಿನ ವಿವರಣೆ ನನಗೆ ಈವರೆಗೆ ಸಿಕ್ಕಿಲ್ಲ.

ವಲಸೆ ಇಲಾಖೆಯ ಕೆಲಸ ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ವಿದೇಶಿ ನಿವಾಸಿಗಳ ಗುರುತಿನ ಚೀಟಿಯ ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರಿನ ಜೊತೆಗೆ ಚೀನೀ ಹೆಸರಿಗೂ ಜಾಗವಿದೆ, ಇಚ್ಛೆಯಿದ್ದವರು ತುಂಬಬಹುದು. ನಾನು ಒಂದೊಂದೇ ಗೆರೆ ಎಳೆದು ಬರೆದದ್ದನ್ನು ನೋಡಿದ ಗುಮಾಸ್ತೆ, ‘ಇದು ಹೆಸರೋ, ವಿಳಾಸವೋ?’ ಎಂದು ಕೇಳಿದಳು. ಎರಡೂ ಎಂದೆ. ಎರಡು ವಾರದ ನಂತರ ಬಂದ ಕಾರ್ಡಿನಲ್ಲಿ ಹೊಸದುರ್ಗವೂ ರಂಗಪ್ಪನೂ ಇದ್ದ ಉದ್ದನೆಯ ಸಾಲು, ಅದರ ಜೊತೆಗೆ ಆ ಮೂರು ಅಕ್ಷರ ಒಟ್ಟಿಗಿದ್ದವು. ನಾಗರಿಕತ್ವ ಪಡೆಯುವವರಿಗಾದರೆ ಚೀನೀ ಹೆಸರು ಕಡ್ಡಾಯ, ಅಕ್ಷರಗಳೂ ಕಾನೂನು ಹೆಸರಿಸುವ ನಿಘಂಟುಗಳಲ್ಲಿ ಇರುವಂಥವೇ ಆಗಬೇಕು. ಅಷ್ಟಾಗಿಯೂ ಇಲ್ಲಿಯವರು ಹೆಸರನ್ನು ಕಲ್ಲಿನ ಶಾಸನವೆಂದು ತಿಳಿದವರಲ್ಲ. ಇಲ್ಲಿನ ಕಾನೂನು ಇಂಥಿಂಥ ಕಾರಣಕ್ಕೆ ಮೂರು ಸಲದವರೆಗೆ ಹೆಸರು ಬದಲಿಸಲು ಬಿಡುತ್ತದೆ. ನಾನು ಬರುವ ಮೊದಲು, 2021ರ ಮಾರ್ಚಿನಲ್ಲಿ, ಹೋಟೆಲೊಂದು ಹೆಸರಿನಲ್ಲಿ ಸಾಲ್ಮನ್ ಮೀನಿನ ಅಕ್ಷರಗಳಿದ್ದವರಿಗೆ ಎರಡು ದಿನ ಬಿಟ್ಟಿ ಊಟ ಎಂದು ಸಾರಿದಾಗ ಮುನ್ನೂರಕ್ಕೂ ಹೆಚ್ಚು ಜನ ಕಚೇರಿಗೆ ಹೋಗಿ ಅಧಿಕೃತವಾಗಿ ಹೆಸರು ಬದಲಿಸಿಕೊಂಡು ಮೀನಾಗಿದ್ದರು.

ಕಾರ್ಡ್ ಬಂದ ಮೇಲೆ ಆರೋಗ್ಯ ವಿಮೆ, ಬ್ಯಾಂಕು, ಮೊಬೈಲ್ ಎಂದು ಒಂದೊಂದಾಗಿ ಹೆಸರು ಹರಡಿತು. ಬ್ಯಾಂಕಿನಲ್ಲಿ ಮಾತ್ರ ಹಳೆಯ ಖಾತೆಯನ್ನೂ ಹೊಸ ಮೊಹರನ್ನೂ ಹೊಂದಿಸಲು ಅರ್ಧ ದಿನ ಹಿಡಿಯಿತು. ಚಿಕಿತ್ಸಾಲಯದ ಪರದೆಯ ಮೇಲೆ ಖಾಸಗಿತನಕ್ಕಾಗಿ ಎಲ್ಲರ ಹೆಸರಿನ ನಡುವಿನ ಅಕ್ಷರದ ಜಾಗದಲ್ಲಿ ಒಂದು ಸೊನ್ನೆ ಹಾಕುತ್ತಾರೆ. ನನ್ನ ಇಂಗ್ಲಿಷ್ ಹೆಸರಿಗೆ ಎಲ್ಲಿ ಸೊನ್ನೆ ಹಾಕಬೇಕೆಂದು ಆ ಯಂತ್ರಕ್ಕೆ ತಿಳಿಯದೆ ಇಡೀ ಸಾಲು ಬಟಾಬಯಲಾಗಿ ಬರುತ್ತಿತ್ತು. ಈಗ ಮಂಗ್, ಸೊನ್ನೆ, ನಾನ್. ಚೆನ್, ಲಿನ್, ಹುವಾಂಗ್‌ಗಳ ಸಾಲಿನಲ್ಲಿ ನನ್ನದು ಯಾವುದೆಂದು ಒಮ್ಮೊಮ್ಮೆ ನಾನೇ ಹುಡುಕಬೇಕಾಗುತ್ತದೆ. ನರ್ಸ್ ಹೆಸರನ್ನು ಧಾರಾಳವಾಗಿ ಕೂಗಿ, ಎದ್ದು ಬಂದವನನ್ನು ನೋಡಿ ಹುಬ್ಬೇರಿಸುತ್ತಾಳೆ. ಸುಮ್ಮನಾಗುವ ಸರದಿ ಈಗ ಕೂಗಿದ ಮೇಲೆ ಬರುತ್ತದೆ.

ಬಾಡಿಗೆಮನೆಯ ಒಡತಿ ಕಾರ್ಡನ್ನೂ ನೋಡಲಿಲ್ಲ, ಮೊಹರನ್ನೂ ನೋಡಲಿಲ್ಲ. ಹೆಸರಿನ ಕೊನೆಯ ಅಕ್ಷರಕ್ಕೆ ಹಿಂದೆ ಒಂದು ‘ಆ’ ಸೇರಿಸಿ ಸಲಿಗೆಯಿಂದ ಕರೆಯುವುದು ಇಲ್ಲಿನ ವಾಡಿಕೆ. ಹಾಗೆ ನಾನು ಮೊದಲ ದಿನದಿಂದಲೇ ‘ಆನಾನ್’ ಆದೆ. ದಿನವೂ ಬೆಳಗ್ಗೆ ಸೂತ್ರ ಪಠಿಸುವ ಆಕೆಗೆ ಆ ಕರೆ ಬಾಯಿಗೆ ಬಂದ ಕೂಡಲೇ ಬೇರೇನೋ ಹೊಳೆಯಿತು. ಬುದ್ಧನ ಜೊತೆಯಲ್ಲೇ ಇದ್ದು ಅವನ ಮಾತುಗಳನ್ನೆಲ್ಲ ನೆನಪಿಟ್ಟ ಶಿಷ್ಯನನ್ನು ಚೀನೀ ಸೂತ್ರಗಳು ಕರೆಯುವುದೂ ಆನಾನ್ ಎಂದೇ. ನಮ್ಮ ಆನಂದ. ಆತನೂ ನಿಮ್ಮ ದೇಶದವನೇ ಅಲ್ಲವೇ, ಎಂದು ಆಕೆ ಅಂದಿನಿಂದ ಹಬ್ಬದ ದಿನಗಳಲ್ಲಿ ನನಗಾಗಿ ಮಾಂಸವಿಲ್ಲದ ಅಡುಗೆಯ ಡಬ್ಬಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಾರೆ. ನನ್ನ ನೆನಪಿನ ಶಕ್ತಿಯ ಮೇಲೆ ಆಕೆಗೆ ಬಂದಿರುವ ನಂಬಿಕೆಯನ್ನು ಉಳಿಸಿಕೊಳ್ಳುವುದೇ ಈಗ ಕಷ್ಟವಾಗಿದೆ.

ಹೆಸರು ಹೀಗೆ ಹಗುರವಾಗಿ ದೊರೆತ ಸಂತೋಷಕ್ಕೆ ತುಸು ತಡೆ ಬಿದ್ದದ್ದು ನಾನಿರುವ ಮಿಯಾವ್‌ಲಿ ಜಿಲ್ಲೆಯ ನಾನ್‌ಜುವಾಂಗ್ ಬೆಟ್ಟಗಳಲ್ಲಿ. ಸೈಸಿಯಾತ್ ಎಂಬ ಮೂಲನಿವಾಸಿಗಳು ಅಲ್ಲಿ ಎರಡು ವರ್ಷಕ್ಕೊಮ್ಮೆ ‘ಪಾಸ್ತಾಆಯ್’ ಎಂಬ, ಕುಳ್ಳ ಜನರ ಆತ್ಮಗಳನ್ನು ಬರಮಾಡಿಕೊಂಡು ಬೀಳ್ಕೊಡುವ ಆಚರಣೆ ನಡೆಸುತ್ತಾರೆ, ರಾತ್ರಿಯಿಡೀ ಕೈ ಕೈ ಹಿಡಿದು ಹಾಡುತ್ತ ಸುತ್ತುತ್ತಾರೆ. ನಡುನಡುವೆ ಹೆಗಲ ಮೇಲೆ ಎತ್ತರದ ಪತಾಕೆ ಹೊತ್ತವರು ಬರುತ್ತಾರೆ, ಒಂದೊಂದು ಪತಾಕೆ ಒಂದೊಂದು ಕುಲದ್ದು. ಅದರ ಮೇಲೆ ಕುಲದ ಹೆಸರು ಚೀನೀ ಅಕ್ಷರದಲ್ಲಿ: ಗಾಳಿ, ಸೂರ್ಯ. ಅವರ ನುಡಿಯಲ್ಲಿದ್ದ ಕುಲನಾಮಗಳ ಅರ್ಥವನ್ನು ನೋಡಿ ಚೀನಾದ ಚಿಂಗ್ ರಾಜವಂಶದ ಆಡಳಿತದ ಕಾಲದಲ್ಲಿ ಹಾಗೆ ಚೀನೀ ಅಕ್ಷರ ಕೊಟ್ಟರಂತೆ. ನನ್ನನ್ನು ಕರೆದುಕೊಂಡು ಹೋಗಿದ್ದ ಸಹೋದ್ಯೋಗಿ ಅತಾಯಲ್ ಬುಡಕಟ್ಟಿನವನು. ಅವರಲ್ಲಿ ಮನೆತನದ ಹೆಸರಿಲ್ಲ, ಮಗನ ಹೆಸರಿನ ಪಕ್ಕದಲ್ಲಿ ತಂದೆಯ ಹೆಸರು ಬರುತ್ತದೆ ಎಂದು ಅವನು ಹೇಳಿದಾಗ ನನಗೆ ನೆಂಟರೊಬ್ಬರು ಸಿಕ್ಕಂತಾಯಿತು. ಆಗ ತೈವಾನನ್ನು ಆಳುತ್ತಿದ್ದ ಜಪಾನಿ ಸರ್ಕಾರ 1940ರಿಂದ ಜಪಾನಿ ಹೆಸರುಗಳಿಗೆ ಒತ್ತಾಯಿಸಿತು. ಜಪಾನ್ ಹೋದ ಮೇಲೆ ಬಂದ ಸರ್ಕಾರ ಚೀನೀ ಹೆಸರುಗಳನ್ನು ಹೇರಿತು. ಗುಮಾಸ್ತರು ತಮಗೆ ತೋಚಿದ ಮನೆತನವನ್ನು ಬರೆದುಕೊಂಡದ್ದರಿಂದ ರಕ್ತಸಂಬಂಧಿಗಳೇ ಬೇರೆ ಬೇರೆ ಮನೆತನದವರಾದರು. ಹಳೆಯ ಹೆಸರನ್ನು ಮರಳಿ ದಾಖಲಿಸಲು ಕಾನೂನು ಅವಕಾಶ ಕೊಟ್ಟದ್ದು 1995ರಲ್ಲಿ, ಚೀನೀ ಅಕ್ಷರವೇ ಇಲ್ಲದೆ ಬರಿಯ ರೋಮನ್ ಲಿಪಿಯಲ್ಲಿ ತಮ್ಮ ನುಡಿಯ ಹೆಸರಿಟ್ಟುಕೊಳ್ಳಲು ಬಿಟ್ಟದ್ದು 2024ರಲ್ಲಿ. ಅವನು ಆ ಅರ್ಜಿ ತುಂಬುವ ಯೋಚನೆಯಲ್ಲಿದ್ದ. ನಾನು ಇಷ್ಟಪಟ್ಟು ತುಂಬಿದ ಜಾಗವನ್ನು ಅವನು ಖಾಲಿ ಮಾಡಲು ಹೊರಟಿದ್ದ. ನನ್ನ ಮೂರು ಅಕ್ಷರ ನನಗೆ ಹಗುರವಾಗಿದ್ದುದಕ್ಕೆ ಕಾರಣ ಅವುಗಳ ಅಂದಚಂದವಲ್ಲ, ಬೇಡವೆನ್ನುವ ಸ್ವಾತಂತ್ರ್ಯ ನನಗಿತ್ತು, ಅವನ ಅಜ್ಜನಿಗಿರಲಿಲ್ಲ.

ಅಪ್ಪನಿಗೆ ವಿಷಯ ತಿಳಿಸಲು ನನಗೆ ಅಳುಕಿತ್ತು, ಅವರ ಹೆಸರನ್ನು ಕೈಬಿಟ್ಟ ಹೆಸರು ತಾನೇ ಇದು. ನಿವೃತ್ತ ಶಾಲಾ ಮಾಸ್ತರರಾದ ಅವರು ಕೇಳಿ, ‘ಸೊಲ್ಲಾಪುರದ ಕೋಟ್ನಿಸ್ ಡಾಕ್ಟರೂ ಹಾಗೇ ಮಾಡಿದ್ದರಲ್ಲ’ ಎಂದರು. ಸಿದ್ಧರಾಮನ ಸೊನ್ನಲಿಗೆಯಾದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್, 1938ರಲ್ಲಿ ಕಾಂಗ್ರೆಸ್ ಕಳಿಸಿದ ವೈದ್ಯಕೀಯ ತಂಡದೊಂದಿಗೆ ಯುದ್ಧನಿರತ ಚೀನಾಕ್ಕೆ ಹೋಗಿ, ಗಾಯಾಳುಗಳ ಶುಶ್ರೂಷೆಯಲ್ಲೇ 1942ರ ಡಿಸೆಂಬರಿನಲ್ಲಿ ತೀರಿಕೊಂಡವರು. ತಂಡದ ಐವರೂ ತಮ್ಮ ಹೆಸರಿನ ತುದಿಗೆ ಚೀನಾ ಎಂಬರ್ಥದ ‘ಹುವಾ’ ಸೇರಿಸಿಕೊಂಡರು. ಕೋಟ್ನಿಸರು ಕ ದಿಹುವಾ ಆದರು. ತಮ್ಮ ಮಗನಿಗೆ ಅವರಿಟ್ಟ ಹೆಸರು ಯಿನ್‌ಹುವಾ, ಭಾರತ–ಚೀನಾ. ಅಪ್ಪ ಇದನ್ನೆಲ್ಲ ಪಾಠದ ಧಾಟಿಯಲ್ಲೇ ಹೇಳಿ, ‘ಅವರು ಪ್ರಾಣ ಕೊಟ್ಟು ಆ ಹೆಸರು ಪಡೆದರು, ನಿನಗೆ ಬಾಡಿಗೆಮನೆಯಿಂದ ಸಿಕ್ಕಿದೆ’ ಎಂದು ಮುಗಿಸಿದರು.

ತೊಂದರೆ ಬಂದದ್ದು ಊರಿನಲ್ಲಿ. ಚಿತ್ರದುರ್ಗದಲ್ಲಿ ಸೈಟು ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದಾಗ ಸಂಬಳದ ಪ್ರಮಾಣಪತ್ರದ ಅನುವಾದ ನೋಡಿದ ಬ್ಯಾಂಕಿನ ಮ್ಯಾನೇಜರು, ‘ಸಾರ್, ಈ ಮೆಂಗ್ ಯಾರು? ಇವರ ಸಂಬಳಕ್ಕೆ ನಿಮಗೆ ಸಾಲ ಹೇಗೆ ಕೊಡೋಣ?’ ಎಂದರು. ಎರಡೂ ಹೆಸರಿರುವ ನಿವಾಸಿ ಕಾರ್ಡನ್ನು ತೋರಿಸಿದರೂ ಸಾಕಾಗದೆ, ಮಂಜುನಾಥನೂ ಮಂಗ್ ಜೂನಾನನೂ ಒಬ್ಬನೇ ವ್ಯಕ್ತಿ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಬೇಕಾಯಿತು. ತಾಲ್ಲೂಕು ಕಚೇರಿಯ ಎದುರಿನ ನೋಟರಿಗೆ ಇದರಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ. ದಿನ ಬೆಳಗಾದರೆ ಆಧಾರಿನಲ್ಲಿ ಮಂಜಪ್ಪ, ಪಹಣಿಯಲ್ಲಿ ಮಂಜುನಾಥಯ್ಯ, ಮಾರ್ಕ್ಸ್ ಕಾರ್ಡಿನಲ್ಲಿ ಮಂಜು ಆಗಿರುವವರಿಗೆ ಅದೇ ಒಕ್ಕಣೆ ಬರೆದುಕೊಡುವ ಮನುಷ್ಯ ಆತ. ಖಾಲಿ ಜಾಗದಲ್ಲಿ ಚೀನೀ ಹೆಸರು ತುಂಬಿ, ಮುಂದಿನವರನ್ನು ಕರೆದ.

ಈಚೆಗೆ ಮಗಳು ಅನನ್ಯಾಳನ್ನು ಜೂನಾನಿನ ಶಿಶುವಿಹಾರಕ್ಕೆ ಸೇರಿಸುವಾಗ ಅವಳಿಗೂ ಚೀನೀ ಹೆಸರು ಕೇಳಿದರು. ಮಗಳೂ ಮಂಗ್ ಆದರೆ, ತಲೆಮಾರಿಗೊಮ್ಮೆ ಇನಿಶಿಯಲ್ ಬದಲಾಗುತ್ತ ಬಂದ ನಮ್ಮ ವಂಶದಲ್ಲಿ ಮೊದಲ ಬಾರಿಗೆ ತಂದೆಯಿಂದ ಮಕ್ಕಳಿಗೆ ಇಳಿಯುವ ಮನೆತನದ ಹೆಸರೊಂದು ಹುಟ್ಟಿದಂತಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಹೆಂಡತಿ ಲೀಲಾವತಿ ಒಪ್ಪಲಿಲ್ಲ. ‘ರೀ, ನೀವು ಏನಾದರೂ ಆಗಿ, ನನ್ನ ಮಗಳು ಊರಿಗೆ ಹೋದಾಗ ಎಲ್ಲರೂ ಮಂಗ ಅನ್ನೋದು ಬೇಡ’ ಎಂದಳು. ತರಕಾರಿ ಅಂಗಡಿಯವರು ಅವಳಿಗೆ ಆಗಲೇ ‘ಲಿ’ ಎಂಬ ಮನೆತನ ಕೊಟ್ಟಾಗಿತ್ತು, ಇಲ್ಲಿ ಮದುವೆಯಾದ ಹೆಣ್ಣು ತವರಿನ ಹೆಸರನ್ನೇ ಉಳಿಸಿಕೊಳ್ಳುವುದರಿಂದ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. 2007ರ ತಿದ್ದುಪಡಿಯ ನಂತರ ಮಗುವಿಗೆ ತಂದೆ, ತಾಯಿ ಯಾರ ಮನೆತನದ ಹೆಸರನ್ನಾದರೂ ಒಪ್ಪಂದದ ಮೇಲೆ ಇಡಬಹುದೆಂದು ಕಾನೂನು ಹೇಳುತ್ತದೆ ಎಂಬುದನ್ನೂ ಅವಳು ಅಕ್ಕನಿಂದ ತಿಳಿದುಕೊಂಡು ಬಂದಿದ್ದಳು. ಹಾಗೆ ಮಗಳು ‘ಲಿ ಆನ್‌ಯಾ’ ಆದಳು. ಶಾಂತಿ ಮತ್ತು ಸೊಬಗಿನ ಅಕ್ಷರಗಳನ್ನು ಆರಿಸಿದ್ದು ಮನೆಯೊಡತಿ. ಅವಳಿಗೆ ನೆಗಡಿಯೆಂದು ಮಕ್ಕಳ ಡಾಕ್ಟರ ಬಳಿ ಕರೆದೊಯ್ದರೆ ಅಲ್ಲಿ ನನ್ನನ್ನು ‘ಲಿ ಅವರೇ’ ಎಂದು ಕರೆಯುತ್ತಾರೆ, ನಾನೂ ತಿದ್ದಲು ಹೋಗದೆ ಔಷಧದ ಚೀಟಿ ತೆಗೆದುಕೊಳ್ಳುತ್ತೇನೆ.